ಗಂಬೂಟಿನ ಕಥೆಗೆ ಎಷ್ಟು ಪದ ಬೇಕು?

ಸೋಮವಾರಪೇಟೆ ಕಡೆಯ ಓದುಗರೊಬ್ಬರ ಪತ್ರ: ‘ವರ್ಷದಿಂದ ನೂರು ಪದಗಳ ಕಥೆ ಬರೆಯುತ್ತಿದ್ದೇನೆ. ವಾಟ್ಸಾಪ್ ಬಳಗದಲ್ಲಿ ಹಾಕಿದರೆ ಎಲ್ಲರೂ ಸೂಪರ್ ಅನ್ನುತ್ತಾರೆ. ನೀವು ಮಾತ್ರ ಮೂರು ಸಲ ಹಿಂದಿರುಗಿಸಿದ್ದೀರಿ. ಏಕೆ? ತೋಟದ ಮನೆಯಲ್ಲಿ ಕೂತು ನಾನು ಕಲಿಯುವುದಾದರೂ ಯಾರಿಂದ?’

ಸಂಪಾದಕರ ಉತ್ತರ:

ನೀವು ಕೊನೆಗೆ ಕಳಿಸಿದ ಕಥೆಯನ್ನೇ ತೆಗೆದುಕೊಳ್ಳೋಣ. ಅದು ಶುರುವಾಗುವುದು ಹೀಗೆ: ‘ಜೂನ್ ತಿಂಗಳ ಮಂಜು ಮುಸುಕಿದ ಮುಂಜಾನೆ. ಮೂರು ವರ್ಷದಿಂದ ಊರಿಗೆ ಬಾರದ ಮಗನನ್ನು ನೆನೆದು ಅಪ್ಪನ ಕಣ್ಣು ತೇವವಾಯಿತು. ಮಗ ಬಂದರೂ ಬರಬಹುದೆಂಬ ಆಸೆಯಿಂದ ಅವನ ಗಂಬೂಟನ್ನು ತೊಳೆದು ಜಗಲಿಯಲ್ಲಿಟ್ಟ.’

22 ಪದ. ಮೊದಲು ಮಂಜು ಹೋಗಲಿ. ಕೊಡಗಿನ ಕಥೆ ಮಂಜಿನಿಂದಲೇ ಏಳಬೇಕೆಂದು ಯಾರು ಹೇಳಿಕೊಟ್ಟರೋ, ನಮ್ಮ ಮೇಜೇ ಒದ್ದೆಯಾಗಿದೆ. ತೇವವಾದ ಕಣ್ಣೂ ಬೇಡ. ಗಂಬೂಟು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಈಗ ಹೀಗೆ ಓದಿ: ‘ಮಳೆ ಹಿಡಿಯುವ ಮೊದಲು ಅಪ್ಪ ಈ ವರ್ಷವೂ ಎರಡು ಜೊತೆ ಗಂಬೂಟು ತೊಳೆದಿಟ್ಟ. ಒಂದು ಜೊತೆಯಲ್ಲಿ ಮಾತ್ರ ಮಣ್ಣಿತ್ತು.’ 14 ಪದ. ‘ವರ್ಷವೂ’ ಎಂಬಲ್ಲಿನ ಆ ‘ಊ’ಕಾರ ಹಿಂದಿನ ವರ್ಷಗಳನ್ನೆಲ್ಲ ಎಳೆದು ತಂದಿತು. ಮಗನ ಹೆಸರೆತ್ತಲೂ ಬೇಕಾಗಲಿಲ್ಲ.

ಪದದ ಬಾಲವೊಂದೇ ಇಷ್ಟು ಹೇಳಬಲ್ಲದು, ಕನ್ನಡದಲ್ಲಿ ಕಿರುಗತೆ ಬರೆಯುವವರು ಮರೆಯುವುದು ಇದನ್ನೇ. 1980ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಕಥೆಯ ಅಭಿಮಾನಿಗಳು ಸರಿಯಾಗಿ ನೂರೇ ಪದಗಳ ‘ಡ್ರಾಬಲ್’ ರೂಢಿಗೆ ತಂದರು. ಅದು ಇಂಗ್ಲಿಷಿನ ಅಳತೆ. ನಮ್ಮ ‘ಬಾರದಿದ್ದವನಿಗೂ’ ಎಂಬ ಒಂದು ಪದಕ್ಕೆ ಅಲ್ಲಿ ಏಳು ಪದ ಬೇಕು. ಹಾಗಾಗಿ ಕನ್ನಡದ ನೂರು ಪದ ನಿಜಕ್ಕೂ ಸಡಿಲ ಅಂಗಿ. 70-75ಕ್ಕೆ ಗೆರೆ ಎಳೆದುಕೊಳ್ಳಿ. ಆದರೆ ಮೊದಲ ಕರಡನ್ನು ಎಣಿಸದೆ 150ರವರೆಗೂ ಬರೆಯಿರಿ, ಮೂರು ದಿನ ಮುಟ್ಟಬೇಡಿ, ಆಮೇಲೆ ಕತ್ತರಿಸಿ. ಆರಂಭದಿಂದಲೇ ಎಣಿಸುತ್ತ ಬರೆದರೆ ಕಥೆ ತಂತಿ ಸುದ್ದಿಯಂತಾಗುತ್ತದೆ. ಪದ ಉಳಿಸಲೆಂದು ಅಂಟಿಸಬಾರದ್ದನ್ನೆಲ್ಲ ಅಂಟಿಸಿ ಸಮಾಸ ಮಾಡುವುದು ಇನ್ನೊಂದು ಚಟ. ಜೋರಾಗಿ ಓದಿದರೆ ಅಲ್ಲೇ ನಾಲಿಗೆ ತೊಡರುತ್ತದೆ.

ಇನ್ನು ನಿಮ್ಮ ಕೊನೆಯ ಸಾಲು: ‘ಮಗ ಮೂರು ವರ್ಷದ ಹಿಂದೆಯೇ ತೀರಿಕೊಂಡಿದ್ದ.’ ಹಿಂದಿರುಗಿಸಲು ಮುಖ್ಯ ಕಾರಣ ಇದೇ. ಅಪ್ಪನಿಗೆ ಅದು ಗೊತ್ತು, ಕಥೆ ಹೇಳುವವರಿಗೂ ಗೊತ್ತು, ಓದುಗನಿಗೆ ಮಾತ್ರ ‘ಬಂದರೂ ಬರಬಹುದು’ ಎಂದು ಸುಳ್ಳು ಹೇಳಿ ಕೂರಿಸಿದ್ದೀರಿ. ತಿರುವು ಬೇಡವೆಂದಲ್ಲ. ಪಾತ್ರಕ್ಕೆ ಗೊತ್ತಿಲ್ಲದ್ದು ಅದರ ಕಣ್ಣೆದುರೇ ತೆರೆದುಕೊಂಡರೆ ಅದು ತಿರುವು. ಪಾತ್ರಕ್ಕೆ ಗೊತ್ತಿರುವುದನ್ನು ನಾವು ಬಚ್ಚಿಟ್ಟರೆ ಮೋಸ. ಆ ಸಾಲನ್ನು ಅಳಿಸಿ ನೋಡಿ, ಮಣ್ಣಿಲ್ಲದ ಗಂಬೂಟು ಅಷ್ಟನ್ನೂ ಹೇಳಿರುತ್ತದೆ.

ಸೂಪರ್ ಅನ್ನುವ ಬಳಗದ ಮೇಲೆ ಸಿಟ್ಟು ಬೇಡ, ಅವರು ಸ್ನೇಹಿತರು. ಕಲಿಯಲು ಬೇರೆಯೇ ಗುಂಪು ಬೇಕು: ಐದಾರು ಜನ, ವಾರಕ್ಕೊಂದು ಕಥೆ. ‘ಹೇಗಿದೆ?’ ಎಂದು ಕೇಳಲೇಬೇಡಿ. ಓದಿದವರು ಮೊದಲು ಕಥೆಯಲ್ಲಿ ಏನಾಯಿತು ಎಂದು ಒಂದೇ ಸಾಲಿನಲ್ಲಿ ಬರೆಯಲಿ. ಐವರಲ್ಲಿ ಮೂವರು ತಪ್ಪು ತಿಳಿದಿದ್ದರೆ ಅಗತ್ಯಕ್ಕಿಂತ ಹೆಚ್ಚು ಬಚ್ಚಿಟ್ಟಿದ್ದೀರಿ. ಐವರೂ ನಿಮ್ಮದೇ ಪದಗಳನ್ನು ಒಪ್ಪಿಸಿದರೆ ಅಗತ್ಯಕ್ಕಿಂತ ಹೆಚ್ಚು ಹೇಳಿದ್ದೀರಿ. ಆಮೇಲೆ, ಗಮನ ಜಾರಿದ ಒಂದು ವಾಕ್ಯವನ್ನು ಅವರು ಗುರುತಿಸಲಿ. ಒಂದು ದಿನ ಪೂರ್ತಿ ನೀವು ಬಾಯಿ ಬಿಡಬಾರದು: ವಿವರಣೆ ಕೊಟ್ಟ ಕೂಡಲೇ ಅವರು ಕಥೆ ಬಿಟ್ಟು ನಿಮ್ಮನ್ನು ಓದತೊಡಗುತ್ತಾರೆ. ನಿಮ್ಮ ಒಂದು ಕಥೆಗೆ ಪ್ರತಿಯಾಗಿ ಇತರರ ಎರಡು ಕಥೆಗಳಿಗೆ ಅಭಿಪ್ರಾಯ ಬರೆಯಿರಿ. ಪಕ್ಕದವರ ಮಂಜು ಕಂಡಮೇಲೇ ನಮ್ಮದು ಕಾಣುವುದು. ಮಳೆಗಾಲದಲ್ಲಿ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುತ್ತದಲ್ಲ, ಆ ಎರಡು ಮೂರು ದಿನ ಕರಡಿಗೆ ಒಳ್ಳೆಯದೇ.

ತೋಟದ ಮನೆಯಲ್ಲಿ ಕೂತು ಯಾರಿಂದ ಕಲಿಯುವುದು ಎಂದಿರಿ. ಜೊತೆಗಾರರು ಪಕ್ಕದಲ್ಲೇ ಇರಬೇಕೆಂದಿಲ್ಲ. ಕೊಡಗಿನ ಗೌರಮ್ಮ (1912-1939) ಶುಂಠಿಕೊಪ್ಪದ ಬಳಿಯ ತೋಟದಲ್ಲಿದ್ದುಕೊಂಡೇ ಕಥೆ ಬರೆದರು; ಅವರನ್ನು ತಂಗಿ ಎಂದು ಕರೆದ ಬೇಂದ್ರೆ ಇದ್ದದ್ದು ದೂರದ ಧಾರವಾಡದಲ್ಲಿ.

ಒಂದು ಎಚ್ಚರಿಕೆ: ಎಪ್ಪತ್ತು ಪದದ ಕಥೆ ಕತ್ತರಿಸುವುದನ್ನು ಕಲಿಸುತ್ತದೆ, ಹಿಗ್ಗಿಸುವುದನ್ನಲ್ಲ. ಇಪ್ಪತ್ತು ಕಥೆಗಳಾದ ಮೇಲೆ ಒಂದನ್ನು ಆರಿಸಿ 1200 ಪದಕ್ಕೆ ಬೆಳೆಸಿ. ಸಂಭಾಷಣೆಯಲ್ಲಿ, ಕಾಲ ದಾಟಿಸುವಲ್ಲಿ ಎಡವುತ್ತೀರಿ. ಎಡವಿದಲ್ಲಿಂದ ಮುಂದಿನ ಪಾಠ.

ಗಂಬೂಟಿನ ಕಥೆಯನ್ನು ತಿದ್ದಿ ಮತ್ತೆ ಕಳಿಸಿ. ಅಲ್ಲಿಯವರೆಗೆ ಯಾವ ಫೇಸ್‌ಬುಕ್ ಪುಟಕ್ಕೂ ಹಾಕಬೇಡಿ, ಹಾಕಿದರೆ ನಮ್ಮ ಲೆಕ್ಕದಲ್ಲಿ ಅದು ಪ್ರಕಟವಾದ ಕಥೆ.