ಡಾಕ್ಟರ್ ಬರ್ತಿಲ್ಲ, ನರ್ಸೇ ಔಷಧಿ ಬರೀತಾರಂತೆ

ಪ್ರಶ್ನೆ: ನಮ್ಮಣ್ಣಂಗೆ 79. ಅಮೆರಿಕದಲ್ಲಿ ಮಗಳ ಮನೇಲಿದ್ದೋರಿಗೆ ಸ್ಟ್ರೋಕ್ ಆಗಿ ಈಗ ಅಲ್ಲೇ ನರ್ಸಿಂಗ್ ಹೋಮಲ್ಲಿದಾರೆ. ಡಾಕ್ಟರ್ ಅಪರೂಪಕ್ಕೆ ಬರ್ತಾರಂತೆ, ನೋಡೋದು, ಮಾತ್ರೆ ಬರೆಯೋದು ಎಲ್ಲಾ ನರ್ಸ್ ಪ್ರಾಕ್ಟಿಷನರ್ ಅನ್ನೋರೇ ಅಂತೆ. ದುಡ್ಡು ಉಳಿಸೋಕೆ ಹೀಗ್ಮಾಡ್ತಾರಾ? ರಾತ್ರಿ ನಿದ್ದೆ ಬರ್ತಿಲ್ಲ ನಂಗೆ.
– ಓದುಗಿ, ತಿಪಟೂರು

ಉತ್ತರ: ನಿಮ್ಮ ಗಾಬರಿ ಅರ್ಥ ಆಗತ್ತೆ ಅಮ್ಮಾ, ಆದ್ರೆ ಅಲ್ಲಿ ನರ್ಸಿಂಗ್ ಹೋಮ್ ಅಂದ್ರೆ ನಮ್ಮೂರ ಸಣ್ಣ ಆಸ್ಪತ್ರೆ ಥರ ಅಲ್ಲ, ವಯಸ್ಸಾದೋರು ವರ್ಷಗಟ್ಲೆ ಇರೋ ಜಾಗ. ನರ್ಸ್ ಪ್ರಾಕ್ಟಿಷನರ್ ಅಂದ್ರೆ ನರ್ಸಿಂಗ್ ಮುಗಿಸಿ ಅದರ ಮೇಲೆ ಮಾಸ್ಟರ್ಸ್ ಇಲ್ಲಾ ಡಾಕ್ಟರೇಟ್ ಮಾಡಿರೋರು, ರೋಗ ಪತ್ತೆ ಮಾಡೋಕೆ, ಔಷಧಿ ಬರೆಯೋಕೆ ಕಾನೂನೇ ಅಧಿಕಾರ ಕೊಟ್ಟಿದೆ. 1965ರಲ್ಲಿ ಕೊಲರಾಡೊ ಯೂನಿವರ್ಸಿಟೀಲಿ ಲೊರೆಟ್ಟಾ ಫೋರ್ಡ್ ಅನ್ನೋ ನರ್ಸು, ಹೆನ್ರಿ ಸಿಲ್ವರ್ ಅನ್ನೋ ಮಕ್ಕಳ ಡಾಕ್ಟರ್ ಸೇರಿ ಶುರು ಮಾಡಿದ ಓದು ಇದು. ಡಾಕ್ಟರೂ ಪೂರ್ತಿ ಕೈಬಿಟ್ಟಿರಲ್ಲ, ಸೇರಿದ ಮೊದಲ 90 ದಿನ 30 ದಿನಕ್ಕೊಮ್ಮೆ, ಆಮೇಲೆ 60 ದಿನಕ್ಕೊಮ್ಮೆಯಾದ್ರೂ ತಪಾಸಣೆ ಆಗ್ಲೇಬೇಕು ಅಂತ ರೂಲಿದೆ, ಮೊದಲನೇದನ್ನ ಡಾಕ್ಟರೇ ಮಾಡ್ಬೇಕು, ಆಮೇಲಿಂದು ಇಬ್ರೂ ಸರದಿ ಮೇಲೆ ಮಾಡ್ಬಹುದು.

ನಮ್ಮತ್ತೆ ಅಂಥದ್ದೇ ಒಂದು ಹೋಮಲ್ಲಿದ್ದಾಗ ನಾನೇ ಕಣ್ಣಾರೆ ನೋಡಿದ್ದು ಹೇಳ್ತೀನಿ. ಅಲ್ಲಿನ ನರ್ಸ್ ಪ್ರಾಕ್ಟಿಷನರ್ ಬಂದು ಮಂಚದ ತುದೀಲಿ ಕೂತು, ಅತ್ತೆ ಕಾಲಿನ ಸಾಕ್ಸ್ ತೆಗೆದು ಹಿಮ್ಮಡಿ ಕೆಂಪಗಿದ್ದ ಕಡೆ ಹೆಬ್ಬೆರಳಲ್ಲಿ ಒತ್ತಿದ್ರು, ಒತ್ತಿದ್ರೂ ಕೆಂಪು ಹೋಗ್ಲಿಲ್ಲ, ಅಂದ್ರೆ ಮಲಗಿ ಮಲಗಿ ಒತ್ತಡಕ್ಕೆ ಆಗೋ ಹುಣ್ಣಿನ ಶುರು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡಿದ್ರು. ಅಷ್ಟಕ್ಕೇ ಬಿಡದೆ ಮಾರನೇ ದಿನ ರಾತ್ರಿ ಪಾಳಿಯ ಆಯಾಗಳನ್ನೆಲ್ಲಾ ಕರೆದು ಮಂಚ ಮಂಚಕ್ಕೂ ಹೋಗಿ ಒತ್ತಿ ನೋಡೋದು ಕಲಿಸಿದ್ರು, ಅವತ್ತಿಂದ ಆ ಫ್ಲೋರಲ್ಲಿ ಮಲಗಿಸುವಾಗ ಹಿಮ್ಮಡಿ ನೋಡೋದು ಪದ್ಧತಿನೇ ಆಯ್ತು. ತಿಂಗಳಿಗೊಮ್ಮೆ ಬಂದು ಹೋಗೋ ಡಾಕ್ಟರಿಗೆ ಇಷ್ಟು ಪುರುಸೊತ್ತು ಎಲ್ಲಿರತ್ತೆ ಹೇಳಿ.

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ 1987ರ ಸುಮಾರಿಗೆ ಇಬ್ರು ನರ್ಸ್ ಪ್ರಾಕ್ಟಿಷನರ್‌ಗಳೇ ಎವರ್‌ಕೇರ್ ಅಂತ ಒಂದು ವ್ಯವಸ್ಥೆ ಕಟ್ಟಿದ್ರು, ಜ್ವರ, ನ್ಯುಮೋನಿಯಾ ಬಂದ್ರೆ ತಕ್ಷಣ ಆಂಬ್ಯುಲೆನ್ಸ್ ಹತ್ತಿಸದೆ ಇದ್ದಲ್ಲೇ ಬೇಗ ನೋಡಿ ಚಿಕಿತ್ಸೆ ಕೊಡೋದು. ಆಮೇಲೆ ಹೋಲಿಸಿ ನೋಡಿದಾಗ ಇದರಲ್ಲಿದ್ದೋರು ಆಸ್ಪತ್ರೆ ಸೇರಿದ್ದು ಬೇರೆಯೋರ ಅರ್ಧದಷ್ಟೇ. ದುಡ್ಡೂ ಉಳಿಯತ್ತೆ ನಿಜ, ಆದ್ರೆ 79ರ ವಯಸ್ಸಲ್ಲಿ ಗೊತ್ತಿಲ್ಲದ ವಾರ್ಡಲ್ಲಿ ರಾತ್ರಿ ಎದ್ದು ಗಲಿಬಿಲಿಗೊಳ್ಳೋದು ತಪ್ಪತ್ತಲ್ಲ, ನಂಗೆ ಅದೇ ದೊಡ್ಡದು.

ನಿಮ್ಮಣ್ಣನ ಮಗಳಿಗೆ ಹೇಳಿ, ಆ ನರ್ಸ್ ಪ್ರಾಕ್ಟಿಷನರ್ ಬರೋ ದಿನ ಕೇಳ್ಕೊಂಡು ನಿಮಗೆ ವಿಡಿಯೋ ಕಾಲ್ ಹಾಕ್ಲಿ. ಯಾವ ಮಾತ್ರೆ ಯಾಕೆ, ನಿದ್ದೆ ಮಾತ್ರೆ ಏನಾದ್ರೂ ಇದ್ರೆ ಅದು ಬೇಕೇ ಬೇಕಾ, ನುಂಗೋಕೆ ಕಷ್ಟ ಇದ್ಯಾ ಅಂತ ನೀವೇ ಕೇಳಿ. ಅಣ್ಣಂಗೆ ಇಂಗ್ಲಿಷ್ ತೊದಲ್ತಿದ್ರೆ "ನೋವು", "ನೀರು" ಅನ್ನೋ ಎರಡು ಕನ್ನಡ ಪದಾನ ಮಂಚದ ಹತ್ರ ಇಂಗ್ಲಿಷ್ ಅಕ್ಷರದಲ್ಲಿ ಅರ್ಥದ ಸಮೇತ ಬರೆದು ಅಂಟಿಸೋಕೆ ಹೇಳಿ.