ಓದುಗರ ಪ್ರಶ್ನೆ, ನಮ್ಮ ಉತ್ತರ: ಯುದ್ಧಕಾಲದ ಧೀರೆಯರು ಮತ್ತು ಕಾದಂಬರಿ

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ನಾಜಿಗಳನ್ನು ಗುಟ್ಟಾಗಿ ಎದುರಿಸಿದ ಹೆಂಗಸರನ್ನು ಕುರಿತ ಐತಿಹಾಸಿಕ ಕಾದಂಬರಿಗಳನ್ನು ಒಂದರ ಹಿಂದೊಂದರಂತೆ ಓದುತ್ತಿದ್ದೇನೆ. ಹೆಚ್ಚಿನವುಗಳಲ್ಲಿ ನಾಯಕಿ ಪಿಸ್ತೂಲು ಹಿಡಿಯುತ್ತಾಳೆ, ರೈಲು ಹಳಿ ಸಿಡಿಸುತ್ತಾಳೆ, ಜರ್ಮನ್ ಅಧಿಕಾರಿಯೊಬ್ಬನನ್ನು ಮರುಳು ಮಾಡುತ್ತಾಳೆ. ಇದರಲ್ಲಿ ನಡೆದದ್ದೆಷ್ಟು, ಕಟ್ಟಿದ್ದೆಷ್ಟು?

ಉತ್ತರ: ಪಿಸ್ತೂಲು ಹಿಡಿದವರು ಇದ್ದರು. ನೆದರ್ಲೆಂಡ್ಸಿನ ಹಾರ್ಲೆಮ್ ನಗರದಲ್ಲಿ ಹನ್ನಿ ಸ್ಖಾಫ್ಟ್ ಎಂಬ ಕಾನೂನು ವಿದ್ಯಾರ್ಥಿನಿಯೂ ಟ್ರುಸ್ ಮತ್ತು ಫ್ರೆಡ್ಡಿ ಓವರ್‌ಸ್ಟೇಗನ್ ಎಂಬ ಅಕ್ಕತಂಗಿಯರೂ ನಾಜಿಗಳನ್ನು ಮತ್ತು ಅವರೊಂದಿಗೆ ಕೈಜೋಡಿಸಿದ ಸ್ಥಳೀಯರನ್ನು ಗುಂಡಿಕ್ಕಿ ಕೊಂದದ್ದು ದಾಖಲಾದ ಸಂಗತಿ. ಚಳವಳಿಗೆ ಸೇರಿದಾಗ ಫ್ರೆಡ್ಡಿಗೆ ಇನ್ನೂ 14 ವರ್ಷ. ಕೆಂಗೂದಲಿನ ಹುಡುಗಿಗಾಗಿ ಹುಡುಕಾಟ ನಡೆದಿದ್ದರಿಂದ ಕೂದಲಿಗೆ ಕಪ್ಪು ಬಣ್ಣ ಹಚ್ಚಿಕೊಂಡು ಓಡಾಡಿದ ಹನ್ನಿ ಕೊನೆಗೂ ಸಿಕ್ಕಿಬಿದ್ದಳು. ದೇಶದ ಬಿಡುಗಡೆಗೆ ಮೂರು ವಾರವೂ ಉಳಿದಿರದಾಗ, 1945ರ ಏಪ್ರಿಲ್ 17ರಂದು, ಸಮುದ್ರತೀರದ ಮರಳುದಿಬ್ಬಗಳಲ್ಲಿ ಆಕೆಯನ್ನು ಕೊಂದರು.

ಆದರೂ ಇಂಥವರು ಬೆರಳೆಣಿಕೆಯಷ್ಟು. ಬಹುಪಾಲು ಹೆಂಗಸರು ಮಾಡಿದ್ದು ಸಂದೇಶ ಸಾಗಿಸುವ, ಆಶ್ರಯ ಕೊಡುವ, ಸುಳ್ಳು ಗುರುತಿನ ಚೀಟಿ ಹಂಚುವ ಕೆಲಸ. ಇದಕ್ಕೆ ಕಾರಣವೂ ಸ್ಪಷ್ಟ. 1943ರ ಫೆಬ್ರವರಿಯಲ್ಲಿ ಫ್ರಾನ್ಸಿನ ಯುವಕರನ್ನು ಜರ್ಮನಿಯ ಕಾರ್ಖಾನೆಗಳ ದುಡಿಮೆಗೆ ಕಡ್ಡಾಯವಾಗಿ ಕಳಿಸುವ ಕಾನೂನು ಬಂದ ಮೇಲೆ, ರೈಲಿನಲ್ಲಿ ಕಂಡ ಪ್ರತಿಯೊಬ್ಬ ತರುಣನೂ 'ನೀನೇಕೆ ಇಲ್ಲಿದ್ದೀಯೆ' ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. ಸೈಕಲ್ಲಿನ ಬುಟ್ಟಿಯಲ್ಲಿ ತರಕಾರಿ ಇಟ್ಟುಕೊಂಡು ಹೋಗುವ ಹೆಂಗಸನ್ನು ಯಾರೂ ಹಾಗೆ ಕೇಳುತ್ತಿರಲಿಲ್ಲ. ಬ್ರಿಟನ್ನಿನ ಗುಪ್ತದಳ ಫ್ರಾನ್ಸಿಗೆ ಕಳಿಸಿದ್ದ ನ್ಯಾನ್ಸಿ ವೇಕ್ ಎಂಬಾಕೆ ಸಾವಿರಾರು ಹೋರಾಟಗಾರರಿಗೆ ಆಯುಧ ಹಂಚಿದವಳು, ಕಾಳಗಗಳಲ್ಲಿಯೂ ಪಾಲ್ಗೊಂಡವಳು. ಆದರೆ ಕಳೆದುಹೋದ ಸಂಪರ್ಕವನ್ನು ಲಂಡನ್ನಿನೊಂದಿಗೆ ಮತ್ತೆ ಬೆಸೆಯುವುದಕ್ಕಾಗಿ ಜರ್ಮನ್ ತಪಾಸಣೆಗಳನ್ನು ದಾಟುತ್ತ 72 ಗಂಟೆಗಳಲ್ಲಿ ಸುಮಾರು 500 ಕಿಲೋಮೀಟರ್ ಸೈಕಲ್ ತುಳಿದದ್ದೇ ತನಗೆ ಎಲ್ಲಕ್ಕಿಂತ ಹೆಮ್ಮೆಯ ಕೆಲಸವೆಂದು ಆಕೆ ಹೇಳಿಕೊಂಡಿದ್ದಳು. ಬೆಲ್ಜಿಯಮ್ಮಿನ ಆಂಡ್ರೆ ದ ಯೋಂಗ್ ಎಂಬ ಯುವತಿ ವಿಮಾನ ಕೆಡೆದು ಬಿದ್ದ ಮಿತ್ರಪಕ್ಷದ ವೈಮಾನಿಕರನ್ನು ಬ್ರಸೆಲ್ಸಿನಿಂದ ಪಿರೆನೀಸ್ ಬೆಟ್ಟಸಾಲಿನಾಚೆಯ ಸ್ಪೇನಿಗೆ ಮತ್ತೆ ಮತ್ತೆ ದಾಟಿಸಿದಳು. ಭಾಷೆ ಬಾರದ, ಬೂಟಿನಿಂದಲೇ ಗುರುತು ಸಿಗಬಹುದಾದ ಎತ್ತರದ ಗಂಡಸರನ್ನು ರೈಲಿನಲ್ಲಿ ಬಾಯಿ ಬಿಡದಂತೆ ಕೂರಿಸಿಕೊಂಡು ಹೋಗುವ ಆ ಗಂಟೆಗಳ ಉದ್ವೇಗವನ್ನು ಯಾವ ಸ್ಫೋಟದ ದೃಶ್ಯವೂ ಕೊಡಲಾರದೆಂದು ನನಗನ್ನಿಸುತ್ತದೆ. ಆದ್ದರಿಂದ ಇಂಥ ಕಾದಂಬರಿಯನ್ನು ಕೈಗೆತ್ತಿಕೊಂಡಾಗ ನಾಯಕಿ ಎಷ್ಟು ಗುಂಡು ಹಾರಿಸಿದಳೆಂಬುದನ್ನು ನಾನು ಲೆಕ್ಕಿಸುವುದಿಲ್ಲ. ಪಡಿತರ ಚೀಟಿಯಿಲ್ಲದೆ ಮನೆಯಲ್ಲಿ ಅಡಗಿರುವವನಿಗೆ ಆಕೆ ಬ್ರೆಡ್ಡನ್ನು ಎಲ್ಲಿಂದ ತಂದಳೆಂಬುದು ಲೇಖಕರಿಗೆ ಗೊತ್ತಿದೆಯೇ ಎಂದು ನೋಡುತ್ತೇನೆ. ಮರುಳಾಗುವ ಜರ್ಮನ್ ಅಧಿಕಾರಿಯಂತೂ ಮಾರುಕಟ್ಟೆಯ ಸೃಷ್ಟಿಯೇ ಹೆಚ್ಚು.

ಪ್ರಶ್ನೆ: ನೂರ್ ಇನಾಯತ್ ಖಾನ್ ಟಿಪ್ಪು ಸುಲ್ತಾನನ ವಂಶದವಳೆಂಬುದು ನಿಜವೇ? ಆಕೆಯ ಕತೆಯಲ್ಲಿ ಕಾದಂಬರಿಕಾರರು ಸೇರಿಸಲು ಏನಾದರೂ ಉಳಿದಿದೆಯೇ?

ಉತ್ತರ: ನಿಜ. ಸೂಫಿ ಸಂಗೀತಗಾರರಾಗಿದ್ದ ತಂದೆ ಇನಾಯತ್ ಖಾನರ ತಾಯಿಯ ಕಡೆಯಿಂದ ಆಕೆ ಆ ವಂಶಕ್ಕೆ ಸೇರಿದವಳು. ಆದರೆ ಈ ಒಂದು ನಂಟನ್ನೇ ಹಿಡಿದು 'ಹುಲಿಯ ರಕ್ತ' ಎಂದು ಬರೆಯುವವರು ಆಕೆಯ ಧೈರ್ಯದ ಸ್ವರೂಪವನ್ನು ತಪ್ಪಾಗಿ ತೋರಿಸುತ್ತಾರೆ. 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಪ್ಯಾರಿಸ್ಸಿನ ಬಳಿ ಬೆಳೆದು, ಜಾತಕ ಕತೆಗಳನ್ನು ಮಕ್ಕಳಿಗಾಗಿ ಮರಳಿ ಹೇಳಿದ ಮೃದು ಸ್ವಭಾವದ ಹೆಂಗಸು ಆಕೆ. ಬ್ರಿಟನ್ನಿನ ಗುಪ್ತದಳದಲ್ಲಿ ನಿಸ್ತಂತು ಸಂದೇಶ ಕಳಿಸುವ ಕೆಲಸಕ್ಕೆ ಆಕೆಗೆ ತರಬೇತಿ ಕೊಟ್ಟವರಲ್ಲಿ ಕೆಲವರು ಈಕೆ ಗೂಢಚರ್ಯೆಗೆ ತಕ್ಕವಳಲ್ಲವೆಂದು ಬರೆದಿಟ್ಟಿದ್ದರು. ಆಕೆಯನ್ನು 1943ರ ಜೂನ್ ತಿಂಗಳಲ್ಲಿ ಸಣ್ಣ ವಿಮಾನವೊಂದರಲ್ಲಿ ಫ್ರಾನ್ಸಿಗೆ ಇಳಿಸಿದ ಕೆಲವೇ ದಿನಗಳಲ್ಲಿ ಆಕೆ ಸೇರಿದ್ದ ಪ್ಯಾರಿಸ್ಸಿನ ಗುಪ್ತ ಜಾಲ ಕುಸಿದು, ಮುಖಂಡರೆಲ್ಲ ಬಂಧಿತರಾದರು. ಹಿಂದಿರುಗಿ ಬಾ ಎಂದು ಲಂಡನ್ ಕರೆದರೂ ಆಕೆ ಒಪ್ಪಲಿಲ್ಲ.

ನಿಸ್ತಂತು ಯಂತ್ರವೆಂದರೆ ಸಾಧಾರಣ ಸೂಟ್‌ಕೇಸಿನೊಳಗೆ ಕೂರಿಸಿದ ಭಾರವಾದ ಪೆಟ್ಟಿಗೆ. ಅದಕ್ಕೆ ಹಲವು ಮೀಟರ್ ಉದ್ದದ ತಂತಿಯನ್ನು ಯಾರ ಕಣ್ಣಿಗೂ ಬೀಳದಂತೆ ಎಳೆದು ಕಟ್ಟಬೇಕು. ಸಂಕೇತಭಾಷೆಯಲ್ಲಿ ಸಂದೇಶ ಬಡಿಯಲು ತೊಡಗಿದ ಕ್ಷಣದಿಂದ, ಅಲೆಗಳ ಮೂಲ ಹುಡುಕುವ ಜರ್ಮನ್ ವ್ಯಾನುಗಳು ಬೀದಿಬೀದಿಯಾಗಿ ಹತ್ತಿರವಾಗುತ್ತಿದ್ದವು. ಹೆಚ್ಚೆಂದರೆ ಇಪ್ಪತ್ತು ನಿಮಿಷದೊಳಗೆ ಮುಗಿಸಿ ಜಾಗ ಬದಲಿಸಬೇಕಿತ್ತು. ನೂರ್ ಹೀಗೆ ಅಕ್ಟೋಬರ್‌ವರೆಗೂ ನಡೆಸಿದಳು. ಸೆರೆಯಾದ ಮೇಲೆ ತಪ್ಪಿಸಿಕೊಳ್ಳಲು ಎರಡು ಸಲ ಯತ್ನಿಸಿದಳು; ಮತ್ತೆ ಹಾಗೆ ಮಾಡುವುದಿಲ್ಲವೆಂದು ಬರೆದುಕೊಡಲು ನಿರಾಕರಿಸಿದ್ದರಿಂದ ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಸರಪಣಿ ಬಿಗಿಸಿಕೊಂಡು ತಿಂಗಳುಗಟ್ಟಲೆ ಒಂಟಿಯಾಗಿ ಕಳೆದಳು. 1944ರ ಸೆಪ್ಟೆಂಬರ್ 13ರಂದು ನಾಜಿಗಳ ಡಾಖೌ ಸೆರೆಶಿಬಿರದಲ್ಲಿ ಆಕೆಯನ್ನೂ ಜೊತೆಯ ಮೂವರು ಹೆಂಗಸರನ್ನೂ ಕೊಂದರು. ಆಕೆ ಕಳಿಸಿದ ಸಂದೇಶಗಳನ್ನು ಪುಸ್ತಕವೊಂದರಲ್ಲಿ ಬರೆದಿಟ್ಟುಕೊಂಡಿದ್ದಳೆಂಬುದೂ, ಅದು ಶತ್ರುಗಳಿಗೆ ಸಿಕ್ಕಿ ಅವರು ಆಕೆಯ ಹೆಸರಿನಲ್ಲಿ ಲಂಡನ್ನನ್ನು ವಂಚಿಸಿದರೆಂಬುದೂ ಅಷ್ಟೇ ನಿಜ. ಧೀರೆಯನ್ನು ದೇವತೆಯಾಗಿಸುವ ಲೇಖಕರು ಈ ಪುಸ್ತಕವನ್ನು ಮರೆಮಾಚುತ್ತಾರೆ. ಸೇರಿಸಲು ಏನೂ ಬೇಕಿಲ್ಲ. ಇದನ್ನು ಬಿಡದೆ ಬರೆದರೆ ಸಾಕು.

ಪ್ರಶ್ನೆ: ನಾನೂ ಇಂಥ ಕಾದಂಬರಿ ಬರೆಯುತ್ತಿದ್ದೇನೆ. ನಿಜವಾಗಿ ಬದುಕಿದ್ದ ಹೆಂಗಸನ್ನೇ ನಾಯಕಿ ಮಾಡಲೇ? ದೇಶ ಬಿಡುಗಡೆಯಾಗುವ ದಿನಕ್ಕೆ ಕತೆ ನಿಲ್ಲಿಸಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ನಿಲ್ಲಿಸಬೇಡಿ. ಬಾವುಟ ಹಾರುವ ಆ ದಿನಗಳಲ್ಲೇ ಫ್ರಾನ್ಸಿನಲ್ಲಿ, ಜರ್ಮನ್ನರ ಜೊತೆಗಿದ್ದರೆಂಬ ಆರೋಪದ ಮೇಲೆ, ಸುಮಾರು 20,000 ಹೆಂಗಸರ ತಲೆ ಬೋಳಿಸಲಾಯಿತು. ಹೋರಾಟದ ಅತ್ಯುನ್ನತ ಗೌರವವಾದ 'ವಿಮೋಚನೆಯ ಸಂಗಾತಿ' ಬಿರುದು ಪಡೆದ 1,038 ಮಂದಿಯಲ್ಲಿ ಹೆಂಗಸರು ಕೇವಲ ಆರು. ಸಾವಿರಾರು ಮಂದಿಯ ಗುಪ್ತ ಜಾಲವನ್ನು ನಡೆಸಿದ ಮರಿ ಮದ್ಲೆನ್ ಫುರ್ಕಾದ್ ಆ ಆರರಲ್ಲಿಲ್ಲ. ಫ್ರೆಂಚ್ ಮಹಿಳೆಯರು ಮೊದಲ ಬಾರಿ ಮತ ಹಾಕಿದ್ದು 1945ರ ಏಪ್ರಿಲ್ 29ರಂದು. ನಿಮ್ಮ ನಾಯಕಿ ಆ ಮತಗಟ್ಟೆಯ ಮುಂದೆ ನಿಂತಾಗ ಆಕೆಯ ಪಕ್ಕದಲ್ಲಿ ಯಾರಿದ್ದಾರೆ, ಯಾರ ಬೋಳುತಲೆಯಲ್ಲಿ ಈಗಷ್ಟೇ ಕೂದಲು ಚಿಗುರುತ್ತಿದೆ ಎಂದು ಯೋಚಿಸಿ ನೋಡಿ.

ನಿಜವಾದ ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಲಿಯೋನ್ ನಗರದಲ್ಲಿ ಲ್ಯೂಸಿ ಓಬ್ರಾಕ್ ಎಂಬ ಹೋರಾಟಗಾರ್ತಿ ಗರ್ಭಿಣಿಯಾಗಿದ್ದಾಗಲೇ, ಸೆರೆಯಲ್ಲಿದ್ದ ಗಂಡನೊಂದಿಗೆ ಇನ್ನೂ ಮದುವೆಯಾಗಿಲ್ಲವೆಂದು ನಟಿಸಿ, ಮದುವೆಯಾಗಬೇಕೆಂಬ ನೆಪ ಹೂಡಿ ನಾಜಿ ಗುಪ್ತ ಪೊಲೀಸ್ ದಳವಾದ ಗೆಸ್ಟಾಪೊದ ಅಧಿಕಾರಿಯನ್ನು ನಂಬಿಸಿ, 1943ರ ಅಕ್ಟೋಬರ್ 21ರಂದು ಕೈದಿಗಳ ಟ್ರಕ್ಕಿನ ಮೇಲೆ ದಾಳಿ ನಡೆಸಿ ಆತನನ್ನು ಬಿಡಿಸಿದಳು. ದಶಕಗಳ ನಂತರ ಆಕೆಯೇ ಬರೆದ ನೆನಪುಗಳ ಕೆಲವು ವಿವರಗಳನ್ನು ಇತಿಹಾಸಕಾರರು ಪ್ರಶ್ನಿಸಿದಾಗ ಆ ವೃದ್ಧ ದಂಪತಿಗಳು ಸಾರ್ವಜನಿಕವಾಗಿ ಉತ್ತರ ಕೊಡಬೇಕಾಯಿತು. ಬದುಕಿದವರಿಗೇ ಹೀಗಾದ ಮೇಲೆ, ನೀವು ಕಲ್ಪಿಸಿದ ಒಂದು ಮಾತನ್ನು ಸತ್ತವರ ಬಾಯಲ್ಲಿಟ್ಟರೆ ಅದನ್ನು ಅಲ್ಲಗಳೆಯುವವರೇ ಇರುವುದಿಲ್ಲ. ಪ್ರಧಾನ ಪಾತ್ರಕ್ಕೆ ಕಲ್ಪಿತ ಹೆಸರಿಡಿ, ನಿಜದ ವ್ಯಕ್ತಿಗಳನ್ನು ದಾಖಲೆ ಹೇಳುವಷ್ಟಕ್ಕೆ ಮಾತ್ರ ಅಂಚಿನಲ್ಲಿ ಸುಳಿಯಗೊಡಿ, ಯಾವುದು ನಿಮ್ಮ ಕಲ್ಪನೆಯೆಂಬುದನ್ನು ಪುಸ್ತಕದ ಕೊನೆಯಲ್ಲಿ ಒಂದೆರಡು ಪುಟಗಳಲ್ಲಿ ತಿಳಿಸಿಬಿಡಿ.