ಕಪ್ಪೆಯ ರೋಗನಿರೋಧಕ ಗ್ರಾಹಿಗಳ ವಂಶವೃಕ್ಷಕ್ಕೆ ಯಾವ ತಂತ್ರಾಂಶ ಒಳ್ಳೆಯದು?

ಝೆನೋಪಸ್ ಲೇವಿಸ್ ಕಪ್ಪೆಯ ಎಫ್‌ಸಿ-ಸದೃಶ ಗ್ರಾಹಿಗಳಿಗೆ (ರೋಗನಿರೋಧಕ ಕೋಶಗಳ ಒಂದು ಪ್ರೋಟೀನು ಕುಟುಂಬ), ಹೋಲುವ ಅನುಕ್ರಮಗಳನ್ನು ಹುಡುಕುವ ಬ್ಲಾಸ್ಟ್ ತಂತ್ರಾಂಶದಲ್ಲಿ ಮೊದಲು ಬರುವ ಮಾನವ ವಂಶವಾಹಿಯ ಹೆಸರಿಟ್ಟು ವೃಕ್ಷ ರಚಿಸುವ ನಿಮ್ಮ ಯೋಜನೆಯನ್ನೇ ನಾನೂ ಸ್ನಾತಕೋತ್ತರ ಪ್ರಬಂಧಕ್ಕೆ ಹಿಡಿದಿದ್ದೆ. ತಂತ್ರಾಂಶದ ಆಯ್ಕೆ ಇಲ್ಲಿ ಪ್ರಶ್ನೆಯೇ ಅಲ್ಲ.

ನನ್ನ ಪಟ್ಟಿ ಅಚ್ಚುಕಟ್ಟಾಗಿತ್ತು, ಮಾನವನ ಪ್ರತಿಯೊಂದು ವಂಶವಾಹಿಯ ಎದುರಿಗೂ ಕಪ್ಪೆಯದೊಂದಿತ್ತು. ಮಾನವನ ಕಡೆಯಿಂದ ಹುಡುಕಿದರೂ ಇದೇ ಜೋಡಿ ಸಿಗುತ್ತದೆಯೇ ಎಂದು ಪರೀಕ್ಷಕರು ಕೇಳಿದರು. ಸಿಗಲಿಲ್ಲ, ಇಡೀ ಅಧ್ಯಾಯವನ್ನು ಕೈಬಿಡಬೇಕಾಯಿತು. ಕಪ್ಪೆಯ ವಂಶವೂ ನಮ್ಮ ವಂಶವೂ ಸುಮಾರು 35 ಕೋಟಿ ವರ್ಷಗಳ ಹಿಂದೆ ಕವಲೊಡೆದವು. ಆ ಬಳಿಕ ಈ ವಂಶವಾಹಿಗಳು ಎರಡೂ ಕಡೆ ಸ್ವತಂತ್ರವಾಗಿ ಇಮ್ಮಡಿಸಿ, ಕೆಲವು ಅಳಿದು, ಮಾನವನಲ್ಲಿ ಎಂಟು ಉಳಿದರೆ ಲೇವಿಸ್‌ನದೇ ಕುಲದ ಇನ್ನೊಂದು ಕಪ್ಪೆ ಝೆನೋಪಸ್ ಟ್ರಾಪಿಕಾಲಿಸ್‌ನಲ್ಲಿ ಹತ್ತಾರು ಆಗಿವೆ. ಮುತ್ತಜ್ಜನ ಕಾಲದಲ್ಲೇ ಪಾಲಾದ ಎರಡು ಮನೆಗಳ ಮರಿಮಕ್ಕಳಲ್ಲಿ ಯಾರಿಗೆ ಯಾರು ಜೋಡಿ ಎಂದು ಕೇಳಿದಂತಾಯಿತು ಇದು. ಆದರೆ ಜೋಡಿಯೇ ಇಲ್ಲದಿದ್ದರೂ ಬ್ಲಾಸ್ಟ್ ಯಾರನ್ನಾದರೂ ಮೊದಲ ಸ್ಥಾನದಲ್ಲಿ ಕೂರಿಸುತ್ತದೆ, ನಾನು ಅದನ್ನೇ ಸಂಬಂಧವೆಂದು ನಂಬಿದೆ. ಇನ್ನೊಂದು ತೊಡಕೆಂದರೆ, ಈ ಪ್ರೋಟೀನುಗಳು ಇಮ್ಯುನೊಗ್ಲಾಬ್ಯುಲಿನ್ ಡೊಮೇನು ಎಂಬ ತುಂಡುಗಳ ಸರಣಿಗಳು. ಡೊಮೇನುಗಳು ವಿಕಾಸದಲ್ಲಿ ಅದಲುಬದಲಾಗುವುದರಿಂದ ಪೂರ್ಣ ಪ್ರೋಟೀನಿನ ವೃಕ್ಷ ಹಲವು ಚರಿತ್ರೆಗಳನ್ನು ಒಂದಾಗಿ ಕಲಸಿಬಿಡುತ್ತದೆ.

ಮಾಡುವ ಕೆಲಸವನ್ನು ನೋಡಿ ಸಂಬಂಧ ಹೇಳುವುದೂ ಬೇಡ. ಸೋಂಕಿತ ಕೋಶಗಳನ್ನು ಕೊಲ್ಲುವ ಮಾನವನ ಎನ್‌ಕೆ ಕೋಶಗಳಲ್ಲಿ ಕೆಐಆರ್ ಗ್ರಾಹಿಗಳು ಮಾಡುವ ಕೆಲಸವನ್ನು ಇಲಿಯಲ್ಲಿ ಎಲ್‌ವೈ49 ಗ್ರಾಹಿಗಳು ಮಾಡುತ್ತವೆ. ಮೊದಲನೆಯವು ಇಮ್ಯುನೊಗ್ಲಾಬ್ಯುಲಿನ್ ಕುಟುಂಬದವು, ಎರಡನೆಯವು ಲೆಕ್ಟಿನ್ ಕುಟುಂಬದವು, ಕೆಲಸ ಒಂದೇ ಆದರೂ ವಂಶಸಂಬಂಧವಿಲ್ಲ.

ಲೇವಿಸ್‌ನ್ನು ಬಿಡಿ ಎಂಬುದೇ ನನ್ನ ಸಲಹೆ. ಪ್ರಯೋಗಾಲಯದಲ್ಲಿ ಇರುವುದು ಅದೇ ಎಂಬುದು ಕಾರಣವಾಗದು. ಸುಮಾರು 1.7 ಕೋಟಿ ವರ್ಷಗಳ ಹಿಂದೆ ಎರಡು ಪ್ರಭೇದಗಳ ಸಂಕರದಿಂದ ಹುಟ್ಟಿದ ಈ ಕಪ್ಪೆಯ 36 ವರ್ಣತಂತುಗಳಲ್ಲಿ ಎಲ್ ಮತ್ತು ಎಸ್ ಎಂಬ ಎರಡು ಉಪಜೀನೋಮ್‌ಗಳಿವೆ (ಆ ಎರಡು ಪ್ರಭೇದಗಳಿಂದ ಬಂದ ಒಂದೊಂದು ವಂಶವಾಹಿ ಗುಂಪು), ಆ ಜೋಡಿಗಳನ್ನು ನೀವು ಹೊಸ ಇಮ್ಮಡಿಕೆಗಳೆಂದು ಎಣಿಸುವ ಸಂಭವವಿದೆ. ಎಲ್ಲ ಕಡೆ ಎರಡೂ ಪ್ರತಿ ಉಳಿದಿದ್ದರೆ ಲೆಕ್ಕವಾದರೂ ಸುಲಭವಿರುತ್ತಿತ್ತು, ಆದರೆ ಎಂಎಚ್‌ಸಿ ಎಂಬ ರೋಗನಿರೋಧಕ ವಂಶವಾಹಿ ಸಮೂಹದಂಥ ಭಾಗದಲ್ಲಿ ಒಂದೇ ಉಳಿದಿದೆ. ಟ್ರಾಪಿಕಾಲಿಸ್ 20 ವರ್ಣತಂತುಗಳ ಸಾಮಾನ್ಯ ದ್ವಿಗುಣಿತ (ತಂದೆ-ತಾಯಿಯಿಂದ ಒಂದೊಂದೇ ಜೊತೆ ಪಡೆದ) ಪ್ರಾಣಿ, ಅದರ ಜೀನೋಮ್ 2010ರಲ್ಲೇ ಪ್ರಕಟವಾಗಿದೆ. ಅದರಲ್ಲಿ ಪ್ರತಿ ಡೊಮೇನಿಗೂ ಪ್ರತ್ಯೇಕ ವೃಕ್ಷ ಮಾಡಿ, ಅಕ್ಕಪಕ್ಕದ ವಂಶವಾಹಿಗಳು ಮಾನವನಲ್ಲೂ ಅದೇ ನೆರೆಯಲ್ಲಿವೆಯೇ ಎಂದು ನೋಡಿ. ಹೆಸರುಗಳನ್ನು ವರ್ಣತಂತುವಿನ ಮೇಲಿನ ಕ್ರಮದ ಪ್ರಕಾರ ಕೊಡಿ. ಮಾನವ ಹೆಸರಿನ ಕಾಲಂ ಬಹುಪಾಲು ಖಾಲಿ ಉಳಿಯುತ್ತದೆ, ಮಾರ್ಗದರ್ಶಕರು ಒತ್ತಾಯಿಸಿದರೂ ಅದನ್ನು ತುಂಬಬೇಡಿ.